ಕಾಡುಪಾಪ: ಕಿರಿಯ ಒಡಲು, ಹಿರಿಯ ಆಯುಷ್ಯ

ಪ್ರಾಣಿಯೊಂದರ ಗಾತ್ರ, ತೂಕ ಮತ್ತು ಆಯುಷ್ಯ ಇವು ಮೂರು ಬೇರೆ ಬೇರೆ ಅಳತೆಗಳಾಗಿ ತೋರಿದರೂ ಅವುಗಳ ನಡುವೆ ನಿಕಟವಾದ ಸಂಬಂಧವಿದೆ. ಸಾಮಾನ್ಯವಾಗಿ ದೊಡ್ಡ ಒಡಲಿನ ಪ್ರಾಣಿ ಬಹುಕಾಲ ಬದುಕುತ್ತದೆ. ಚಿಕ್ಕ ಒಡಲಿನದು ಬೇಗನೆ ಬೆಳೆದು, ಬೇಗನೆ ಮರಿಹಾಕಿ, ಬೇಗನೆ ಅಳಿಯುತ್ತದೆ. ಆನೆ ಅರುವತ್ತು ವರ್ಷಗಳನ್ನು ಮೀರಿ ಬದುಕಬಲ್ಲದು. ಸುಮಾರು 20 ಗ್ರಾಂ ತೂಗುವ ಮನೆಯ ಚಿಕ್ಕ ಇಲಿಗೆ ಒಂದೆರಡು ವರ್ಷವೇ ಪೂರ್ಣಾಯುಷ್ಯ. ಈ ನಿಯಮಕ್ಕೆ ಸುಲಭವಾಗಿ ಒಳಪಡದ ಒಂದು ಪುಟ್ಟ ಪ್ರಾಣಿಯು ದಕ್ಷಿಣ ಕರ್ನಾಟಕದ ಕುರುಚಲು ಕಾಡುಗಳಲ್ಲಿಯೂ ಹೊಲಗಳ ಬೇಲಿಸಾಲುಗಳಲ್ಲಿಯೂ ಬಾಳುತ್ತಿದೆ. ಅದೇ ಕಾಡುಪಾಪ.

ತಾಯಿಯ ಹೊಟ್ಟೆಯನ್ನು ಅಪ್ಪಿ ಹಿಡಿದಿರುವ ಇದರ ಮರಿಯನ್ನು ಕಂಡವರು ಇದನ್ನು ಕಾಂಗರೂವಿನಂತೆ ಹೊಟ್ಟೆಚೀಲವುಳ್ಳ ಪ್ರಾಣಿಯೆಂದು ಭಾವಿಸಬಹುದು. ಅದು ಸರಿಯಲ್ಲ. ಹೊಟ್ಟೆಚೀಲದ ಪ್ರಾಣಿಗಳು ಭಾರತದ ಕಾಡುಗಳಲ್ಲಿ ಎಲ್ಲಿಯೂ ಇಲ್ಲ. ಆಸ್ಟ್ರೇಲಿಯ, ನ್ಯೂಗಿನಿ, ಅವುಗಳ ನೆರೆಯ ದ್ವೀಪಗಳು ಮತ್ತು ಅಮೆರಿಕ ಖಂಡಗಳೇ ಅವುಗಳ ನೆಲೆ. ಆದರೂ ದಕ್ಷಿಣ ಭಾರತದ ಭಾಷೆಯೊಂದು ಅವುಗಳಲ್ಲಿ ಒಂದಕ್ಕೆ ಹೆಸರನ್ನು ಒದಗಿಸಿದೆ. ಹೆಗ್ಗಣಕ್ಕೆ ತೆಲುಗಿನಲ್ಲಿ ಪಂದಿಕೊಕ್ಕು, ಅಂದರೆ ಹಂದಿಯಂಥ ಇಲಿ, ಎಂಬ ಹೆಸರಿದೆ. ಅದನ್ನು ಆಂಗ್ಲರು ಬ್ಯಾಂಡಿಕೂಟ್ ಎಂದು ಉಚ್ಚರಿಸಿ, ಮುಂದೆ ಆಸ್ಟ್ರೇಲಿಯದಲ್ಲಿ ಕಂಡ ಒಂದು ಹೊಟ್ಟೆಚೀಲದ ಪ್ರಾಣಿಗೂ ಅದೇ ಹೆಸರನ್ನಿತ್ತರು. ಹೆಸರು ಒಂದೇ ಆದರೂ ಇವೆರಡಕ್ಕೂ ಹತ್ತಿರದ ನಂಟಿಲ್ಲ.

ಆ ದೂರದ ಕಾಡುಗಳ ಎರಡು ಪುಟ್ಟ ಜೀವಿಗಳನ್ನು ಹೋಲಿಕೆಗಾಗಿ ನೋಡಬಹುದು. ಆಸ್ಟ್ರೇಲಿಯದ ಆಂಟೆಕೈನಸ್ ಎಂಬುದು ಇಲಿಯನ್ನು ಹೋಲುವ ಕೀಟಾಹಾರಿ. ಅದರ ಗಂಡುಗಳೆಲ್ಲವೂ ಬೆದೆಯ ಕೆಲವೇ ವಾರಗಳ ಅತಿಶ್ರಮದಿಂದ ರೋಗನಿರೋಧಕ ಶಕ್ತಿಯನ್ನು ಕಳೆದುಕೊಂಡು, ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ. ಮರದಿಂದ ಮರಕ್ಕೆ ತೇಲುವ ಶುಗರ್ ಗ್ಲೈಡರ್ ಬಾಲವನ್ನು ಬಿಟ್ಟು 16ರಿಂದ 20 ಸೆಂಟಿಮೀಟರ್ ಉದ್ದವಿದ್ದು, ನೂರು ನೂರೈವತ್ತು ಗ್ರಾಂ ತೂಗುತ್ತದೆ. ಆರೈಕೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲದು. ಅದರ ಗರ್ಭಾವಧಿ ಹದಿನಾರು ದಿನ ಮಾತ್ರ. ಹುಟ್ಟಿದಾಗ 0.2 ಗ್ರಾಂ ತೂಗುವ ಮರಿಯು ಚೀಲದೊಳಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೆಳೆಯುತ್ತದೆ. ಇವುಗಳಿಂದ ತಿಳಿದುಬರುವುದೇನೆಂದರೆ, ಚಿಕ್ಕ ಒಡಲೊಂದೇ ಆಯುಷ್ಯವನ್ನು ನಿರ್ಣಯಿಸುವುದಿಲ್ಲ. ಜೀವನದ ಕ್ರಮವೂ ಅದನ್ನು ನಿರ್ಣಯಿಸುತ್ತದೆ.

ಕಾಡುಪಾಪವಾದರೋ ಕೋತಿ, ವಾನರ, ಮನುಷ್ಯರನ್ನೊಳಗೊಂಡ ವರ್ಗಕ್ಕೆ ಸೇರಿದುದು. ಈ ಸೀಮೆಯ ಒಣಭೂಮಿಯಲ್ಲಿರುವುದು ಬೂದುಬಣ್ಣದ ಮೈಸೂರು ಬಗೆ. ಇದನ್ನು 1908ರಲ್ಲಿ ಸ್ಪೇನಿನ ಪ್ರಾಣಿವಿಜ್ಞಾನಿ ಕಬ್ರೇರಾ ವಿವರಿಸಿದನು. ಇದರ ದೇಹದ ಉದ್ದ ಸುಮಾರು 18ರಿಂದ 25 ಸೆಂಟಿಮೀಟರ್; ಬಾಲ ಹೊರಗೆ ಕಾಣಿಸುವುದೇ ಇಲ್ಲ. ತೂಕ ಸಾಮಾನ್ಯವಾಗಿ 250ರಿಂದ 300 ಗ್ರಾಂ. ಪಶ್ಚಿಮಘಟ್ಟದ ಮಳೆಕಾಡಿನಲ್ಲಿರುವ ಮಲಬಾರ್ ಬಗೆ ಇದಕ್ಕಿಂತ ಹಗುರ. ಕಡ್ಡಿಯಂಥ ಕೈಕಾಲುಗಳು, ಮುಖದ ಮುಂಭಾಗದಲ್ಲಿಯೇ ಜೋಡಿಸಿದಂತಿರುವ ದುಂಡು ಕಣ್ಣುಗಳು ಇದರ ಮುಖ್ಯ ಲಕ್ಷಣಗಳು. ರಾತ್ರಿ ದೀಪದ ಬೆಳಕು ಬಿದ್ದಾಗ ಆ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ.

ಇಷ್ಟೇ ತೂಗುವ ಹೊಲದ ಇಲಿ ಒಂದೆರಡು ವರ್ಷಗಳಲ್ಲಿ ಬಾಳನ್ನು ಮುಗಿಸಿದರೆ, ಕಾಡುಪಾಪವು ಪಾಲನೆಯಲ್ಲಿ ಹದಿನೈದು ವರ್ಷಗಳನ್ನೂ ದಾಟಿ ಬದುಕಿದ ದಾಖಲೆಗಳಿವೆ. ಇದಕ್ಕೆ ಕಾರಣಗಳುಂಟು. ಇದರ ದೇಹದೊಳಗಿನ ಶಕ್ತಿವ್ಯಯ ಇದೇ ಗಾತ್ರದ ಇತರ ಸಸ್ತನಿಗಳಿಗಿಂತ ಕಡಿಮೆ. ಇದು ಜಿಗಿಯುವುದಿಲ್ಲ, ಒಂದು ರೆಂಬೆಯನ್ನು ಬಿಡುವ ಮುನ್ನ ಮತ್ತೊಂದನ್ನು ಭದ್ರವಾಗಿ ಹಿಡಿಯುತ್ತದೆ. ಕೈಕಾಲುಗಳಲ್ಲಿ ರಕ್ತನಾಳಗಳು ಜಾಲದಂತೆ ಹೆಣೆದುಕೊಂಡಿರುವುದರಿಂದ ಬಹಳ ಹೊತ್ತು ಹಿಡಿದ ಹಿಡಿ ಸಡಿಲಗೊಳ್ಳದು. ಇರುವೆ, ಜೀರುಂಡೆ ಮೊದಲಾದ ಕೀಟಗಳೇ ಮುಖ್ಯ ಆಹಾರ. ಮರದ ಅಂಟನ್ನೂ ತಿನ್ನುತ್ತದೆ. ಹಗಲೆಲ್ಲ ಪೊದೆಯ ಮರೆಯಲ್ಲಿ ಮುದುಡಿ ಮಲಗಿ, ಸದ್ದಿಲ್ಲದೆ ಇರುಳಿನಲ್ಲಿ ಸಂಚರಿಸುವ ಈ ಜೀವಿ ವೈರಿಗಳ ಕಣ್ಣಿಗೆ ಬೀಳುವುದು ವಿರಳ.

ಆದರೆ ಈ ನಿಧಾನದ ಬದುಕಿಗೆ ಒಂದು ದುರ್ಬಲ ಮುಖವೂ ಇದೆ. ಇದರ ಗರ್ಭಾವಧಿ ಸುಮಾರು ಐದೂವರೆ ತಿಂಗಳು. ಒಂದು ಸಲಕ್ಕೆ ಹುಟ್ಟುವುದು ಒಂದು ಅಥವಾ ಎರಡು ಮರಿ ಮಾತ್ರ. ಮೊದಲ ಕೆಲವು ವಾರ ತಾಯಿ ಮರಿಯನ್ನು ಮೈಗಂಟಿಸಿಕೊಂಡೇ ತಿರುಗುತ್ತದೆ. ಆಮೇಲೆ ಅದನ್ನು ಕೊಂಬೆಯ ಮೇಲೆ ಬಿಟ್ಟು ಆಹಾರಕ್ಕೆ ಹೋಗುತ್ತದೆ. ಇಲಿಯ ಸಂತತಿಗೆ ಒದಗಿದ ನಷ್ಟವನ್ನು ಅದು ಒಂದೇ ಸುಗ್ಗಿಯಲ್ಲಿ ತುಂಬಿಕೊಳ್ಳುತ್ತದೆ. ಕಾಡುಪಾಪಕ್ಕೆ ಆ ಸಾಮರ್ಥ್ಯವಿಲ್ಲ. ಬೆಳೆದ ಒಂದು ಹೆಣ್ಣು ಸತ್ತರೆ ಹಲವು ವರ್ಷಗಳ ಮರಿಗಳೇ ಇಲ್ಲವಾದಂತೆ.

ಅಪಾಯಗಳು ಬಂದುದು ಮನುಷ್ಯನಿಂದಲೇ. ಇದರ ಕಣ್ಣು ಔಷಧಕ್ಕೆ ಬರುತ್ತದೆ, ಇದರ ಅಂಗಗಳು ಮಾಟಕ್ಕೆ ಒದಗುತ್ತವೆ ಎಂಬ ಆಧಾರರಹಿತ ನಂಬಿಕೆಯಿಂದ ಇದನ್ನು ಹಿಡಿದು ಹಿಂಸಿಸಿದ್ದುಂಟು. ಕಂಡರೆ ಅಪಶಕುನವೆಂದು ಕೊಲ್ಲುವುದೂ ಉಂಟು. ಬೇಲಿಯನ್ನು ಸವರಿ ತಂತಿ ಹಾಕಿದಾಗ, ರಸ್ತೆಯ ಅಗಲೀಕರಣಕ್ಕಾಗಿ ಸಾಲುಮರಗಳನ್ನು ಉರುಳಿಸಿದಾಗ, ಜಿಗಿಯಲಾರದ ಈ ಪ್ರಾಣಿಗೆ ದಾರಿಯೇ ತಪ್ಪುತ್ತದೆ. ಅದು ನೆಲಕ್ಕಿಳಿದು ನಡೆಯಬೇಕಾಗಿ ಬಂದಾಗ ನಾಯಿಗೋ ವಾಹನಕ್ಕೋ ಬಲಿಯಾಗುತ್ತದೆ. ವಿದ್ಯುತ್ ತಂತಿಯನ್ನು ಕೊಂಬೆಯೆಂದು ಹಿಡಿದು ಸಾಯುವುದೂ ಉಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕಾಡುಪಾಪಕ್ಕೆ ಸ್ಥಾನವಿದೆ. ಹುಲಿ ಆನೆಗಳಿಗಿರುವ ರಕ್ಷಣೆಯೇ ಇದಕ್ಕೂ ಇದೆ. ಇದನ್ನು ಬೇಟೆಯಾಡಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಲಾಗುತ್ತದೆ. ನೆರೆಯ ತಮಿಳುನಾಡು 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಅರಣ್ಯವನ್ನು ಕಡವೂರು ಕಾಡುಪಾಪ ವನ್ಯಧಾಮವೆಂದು ಘೋಷಿಸಿತು. ಕಾಡುಪಾಪಕ್ಕೆಂದೇ ಮೀಸಲಾದ ದೇಶದ ಮೊದಲ ವನ್ಯಧಾಮವಿದು. ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ನಾಗವಲ್ಲಿಯ ಸುತ್ತಣ ಮರಗಿಡಗಳು ಇದರ ಹೆಸರಾದ ನೆಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೂ ಇದು ಉಳಿದು ಬಂದಿದೆ. ದಟ್ಟ ಅರಣ್ಯವೇ ಬೇಕೆಂದಿಲ್ಲ, ಕೂಡಿಕೊಂಡ ಕೊಂಬೆಗಳಿದ್ದರೆ ಸಾಕು ಎಂಬುದಕ್ಕೆ ಇವೆರಡೂ ನಿದರ್ಶನ.

ಬೂಕನಕೆರೆಯ ಸೀಮೆಯಲ್ಲಿ ಪಾಂಡವಪುರದ ಕಡೆಗೆ, 1974ರಲ್ಲಿ ಸ್ಥಾಪಿತವಾದ ಮೇಲುಕೋಟೆಯ ವನ್ಯಜೀವಿಧಾಮವಿದೆ. ಆದರೆ ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಾಡಿನಲ್ಲಿ ಬಹುಪಾಲು ಮರಗಳಿರುವುದು ಕೆರೆಯೇರಿಯ ಮೇಲೆ, ಗುಂಡುತೋಪಿನಲ್ಲಿ, ಹೊಲದ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ. ಅವುಗಳ ಒಡೆತನ ಸರ್ಕಾರದ್ದಷ್ಟೇ ಅಲ್ಲ, ರೈತರದು, ಊರಿನದು, ಸಂಸ್ಥೆಗಳದು. ಆದುದರಿಂದ ಇಲ್ಲಿಯ ಕೆಲಸವೂ ಸರಳವಾದುದೇ: ಹುಣಸೆ, ಹೊಂಗೆ, ಬೇವು, ಆಲಗಳನ್ನು ಬಿಡಿಬಿಡಿಯಾಗಿ ನೆಡದೆ ಬೆಳೆದಾಗ ಕೊಂಬೆ ಕೂಡುವಂತೆ ಸಾಲಾಗಿ ನೆಡುವುದು, ಹಸಿರು ಬೇಲಿಯನ್ನು ಪೂರ್ತಿ ಸವರದಿರುವುದು, ಅಪಶಕುನದ ಮಾತು ಸುಳ್ಳೆಂದು ಮಕ್ಕಳಿಗೆ ತಿಳಿಹೇಳುವುದು. ಹದಿನೈದು ವರ್ಷ ಬದುಕಬಲ್ಲ ಜೀವಿಗೆ ಹದಿನೈದು ವರ್ಷ ನಿಲ್ಲುವ ಮರಗಳು ಬೇಕು. ಅವನ್ನು ನೆಡುವವರೂ ಕಾಯುವವರೂ ಊರಿನವರೇ ಆಗಬೇಕು.