ಖಾರಘರದ ಫುಟ್‌ಪಾತ್‌ಗೆ ದುಡ್ಡು ಎಲ್ಲಿಂದ?

ನವಿ ಮುಂಬಯಿಯ ಖಾರಘರ ಸ್ಟೇಷನ್‌ನಲ್ಲಿ ಇಳಿದು ಉತ್ಸವ್ ಚೌಕದ ಕಡೆ ನಡೆದು ನೋಡಿ. ರಸ್ತೆಗಳು ಅಗಲ. ಆದರೆ ಫುಟ್‌ಪಾತ್ ಮೇಲೆ ಬೈಕು ನಿಂತರೆ, ಅಜ್ಜಿ ಕೆಳಗಿಳಿದು ಆಟೋಗಳ ನಡುವೆ ನಡೆಯಬೇಕು.

ಈ ಊರು ಕಟ್ಟಿದ್ದು ಸಿಡ್ಕೊ. 1970ರಲ್ಲಿ ಹುಟ್ಟಿದ ಮಹಾರಾಷ್ಟ್ರ ಸರ್ಕಾರದ ಈ ಸಂಸ್ಥೆ, ಮುಖ್ಯವಾಗಿ ಜಾಗ ಮಾರಿದ ಹಣದಲ್ಲಿ ನವಿ ಮುಂಬಯಿ ಎಬ್ಬಿಸಿತು. 2016ರ ಅಕ್ಟೋಬರ್‌ನಲ್ಲಿ ಪನವೇಲ್ ಮಹಾನಗರಪಾಲಿಕೆ ಆಯಿತು, ಖಾರಘರ ಅದರೊಳಗೆ ಸೇರಿತು.

ಅದೇ ವರ್ಷ ನೆರೆಯ ಠಾಣೆ ಮತ್ತು ಕಲ್ಯಾಣ-ಡೊಂಬಿವಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಪಟ್ಟಿ ಸೇರಿದವು. ಒಂದೊಂದು ಊರಿಗೆ ಕೇಂದ್ರದ ಪಾಲೇ 500 ಕೋಟಿ ರೂಪಾಯಿವರೆಗೆ! ಆ ಪಟ್ಟಿಯ ನೂರು ಊರುಗಳಲ್ಲಿ ಪನವೇಲ್ ಇರಲಿಲ್ಲ. 2025ರ ಮಾರ್ಚ್‌ಗೆ ಯೋಜನೆಯೇ ಮುಗಿಯಿತು. ಹಾಗಾದರೆ ಪನವೇಲ್‌ಗೆ ಉಳಿದ ಹಣದ ದಾರಿ? ಹಣಕಾಸು ಆಯೋಗದ ಅನುದಾನ, ರಾಜ್ಯದ ನಗರೋತ್ಥಾನ ಯೋಜನೆ, ಮತ್ತು ನಾವು ಕಟ್ಟುವ ಆಸ್ತಿ ತೆರಿಗೆ.

ದುಡ್ಡಿದ್ದರೆ ಸಾಲದು, ಮಾಡುವ ಕ್ರಮವೂ ಮುಖ್ಯ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಮೊದಲು ಒಳಚರಂಡಿ, ನೀರಿನ ಪೈಪು, ಕೇಬಲ್ಲು ಎಲ್ಲವನ್ನೂ ನೆಲದಡಿ ಹಾಕಿ, ಆಮೇಲೆ ಅಗಲ ಫುಟ್‌ಪಾತ್ ಮಾಡಿದರು. ಪದೇ ಪದೇ ಅಗೆಯುವ ಕಾಟ ತಪ್ಪಲಿ ಅಂತ. ಖರ್ಚು ಜಾಸ್ತಿ, ನಿಜ. ಆದರೂ ನನಗೆ ಅದೇ ಸರಿ ಅನ್ನಿಸುತ್ತದೆ.

ಫುಟ್‌ಪಾತ್‌ಗೆ ಅಳತೆಯೂ ಇದೆ: ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಖಾಲಿ ಜಾಗ ಬೇಕು. ಎರಡು ಗಾಲಿಕುರ್ಚಿ ಎದುರುಬದುರು ಹೋಗುವಷ್ಟು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದಿತು.

ಟೇಪು ಹಿಡಿದು ನಿಮ್ಮ ಸೆಕ್ಟರ್‌ನ ಫುಟ್‌ಪಾತ್ ಅಳೆಯಿರಿ. ಫೋಟೋ ಸಮೇತ ಪಾಲಿಕೆಗೆ ಅರ್ಜಿ ಕೊಡಿ, ಬಜೆಟ್ ತಯಾರಾಗುವ ಮುಂಚೆಯೇ.