ಒಂದು ಬಿಂದುವಿನ ಲೋಪ : ಲಿನಕ್ಸ್ ಗಣಕದಲ್ಲಿ ಅನುಮತಿಭಂಗವೂ ಅದರ ಪರಿಹಾರವೂ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುವುದು ವಿದ್ವತ್ಸಂಪ್ರದಾಯ. ಯಾವುದಕ್ಕೆ ಯಾರು ಅಧಿಕಾರಿ ಎಂಬ ಈ ವಿವೇಕವೇ ಲಿನಕ್ಸ್ ಎಂಬ ಗಣಕವ್ಯವಸ್ಥೆಯ ತಳಹದಿಯಲ್ಲಿಯೂ ಇದೆಯೆಂದರೆ ವಾಚಕ ಮಹಾಶಯರಿಗೆ ಸೋಜಿಗವೆನಿಸೀತು. ಶಾಲೆಗಳ ಅಂಕಪಟ್ಟಿ, ಶುಲ್ಕದ ಲೆಕ್ಕ, ದಾಖಲಾತಿಗಳು ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ, ಆ ವಿವೇಕಕ್ಕೆ ಭಂಗ ಬಂದರೆ ಏನಾಗುತ್ತದೆ, ಕೆಟ್ಟುದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಅಧ್ಯಾಪಕ ಬಂಧುಗಳು ಅರಿತಿರುವುದು ಉಚಿತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯಲಾಗಿದೆ.

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸತೊಡಗಿದರು. ಒಂದೇ ಯಂತ್ರವನ್ನು ಹಲವರು ಬಳಸಬೇಕಾಗಿದ್ದುದರಿಂದ, ಒಬ್ಬರ ಬರಹವನ್ನು ಮತ್ತೊಬ್ಬರು ಕೆಡಿಸದಂತೆ ಕಟ್ಟುಪಾಡು ಬೇಕಾಯಿತು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಕಟ್ಟುಪಾಡನ್ನು ಅನುಸರಿಸಿತು. ಅದರಂತೆ ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳು. ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅನುಮತಿಗಳು. ಓದಿಗೆ ೪, ಬರಹಕ್ಕೆ ೨, ನಡೆಸುವುದಕ್ಕೆ ೧ ಎಂದು ಎಣಿಕೆ. ೬೪೪ ಎಂದರೆ ಒಡೆಯನು ಓದಿ ಬರೆಯಬಲ್ಲನು, ಉಳಿದವರು ಓದಬಲ್ಲರು ಎಂದರ್ಥ. ೬೦೦ ಎಂದರೆ ಒಡೆಯನ ಹೊರತು ಯಾರೂ ಮುಟ್ಟಲಾಗದು. ೪೭೫೫ರಂತೆ ಮುಂದೆ ಮತ್ತೊಂದು ಅಂಕಿ ಸೇರುವುದೂ ಉಂಟು. ಆಗ ಆ ಕ್ರಮವಿಧಿಯನ್ನು ಯಾರು ನಡೆಸಿದರೂ ಅದು ತನ್ನ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಸಾಮಾನ್ಯ ಬಳಕೆದಾರನಿಗೆ ಮೇಲಧಿಕಾರವನ್ನು ತಾತ್ಕಾಲಿಕವಾಗಿ ಕೊಡಿಸುವ ‘ಸುಡೊ’ ಈ ಬಗೆಯದು.

ಇನ್ನು ಅಪಘಾತದ ವಿಚಾರ. ಒಂದು ಕಡತದಲ್ಲಿ ಬರೆಯಲು ಅವಕಾಶ ದೊರೆಯದೆ ಬೇಸತ್ತವನೊಬ್ಬನು ‘ಎಲ್ಲರಿಗೂ ಎಲ್ಲವನ್ನೂ ಕೊಟ್ಟುಬಿಟ್ಟರೆ ತೊಡಕೇ ಇಲ್ಲ’ ಎಂದು ಬಗೆದು, ರೂಟ್ ಎಂಬ ಪರಮಾಧಿಕಾರದಲ್ಲಿದ್ದುಕೊಂಡು, ಅನುಮತಿಯನ್ನು ಬದಲಿಸುವ ‘ಚ್‌ಮಾಡ್’ ಆಜ್ಞೆಯಿಂದ ತಾನಿರುವ ಕಡತಕೋಶಕ್ಕೂ ಅದರೊಳಗಿನ ಸಮಸ್ತಕ್ಕೂ ೭೭೭ ಕೊಡಹೊರಡುತ್ತಾನೆ. ತಾನಿರುವ ಕೋಶವನ್ನು ಸೂಚಿಸುವುದು ಒಂದು ಬಿಂದು, ಅದರ ಮುಂದೊಂದು ಓರೆಗೆರೆ. ಬರಿಯ ಓರೆಗೆರೆಯಾದರೆ ಅದು ಇಡೀ ವ್ಯವಸ್ಥೆಯ ಮೂಲಕೋಶ. ಬಿಂದು ಬಿಟ್ಟರೆ ‘ಬಂಡಿ’ಯು ‘ಬಡಿ’ಯಾಗುವುದನ್ನು ನಾವು ಮಕ್ಕಳ ಕಾಗುಣಿತದಲ್ಲಿ ಕಂಡಿದ್ದೇವೆ. ಇಲ್ಲಿಯೂ ಆಗುವುದು ಅದೇ. ಕ್ಷಣಾರ್ಧದಲ್ಲಿ ಸಾವಿರಾರು ಕಡತಗಳ ಕಟ್ಟುಪಾಡು ಅಳಿದುಹೋಗುತ್ತದೆ.

ವಿಚಿತ್ರವೆಂದರೆ, ಎಲ್ಲ ಬಾಗಿಲುಗಳೂ ತೆರೆದಮೇಲೆ ಮನೆಯ ವ್ಯವಹಾರವೇ ನಿಂತುಹೋಗುತ್ತದೆ. ವಿಶೇಷಾಧಿಕಾರದ ಅಂಕಿ ಅಳಿದುದರಿಂದ ಸುಡೊ ಕೆಲಸ ಮಾಡದು. ದೂರದಿಂದ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಎಂಬ ಸೇವೆಯು, ಇತರರೂ ಓದಬಹುದಾದ ರಹಸ್ಯಕೀಲಿಯನ್ನು ಕೀಲಿಯೆಂದೇ ಒಪ್ಪದು. ಎಲ್ಲರಿಗೂ ತಿಳಿದುದು ಗುಟ್ಟಲ್ಲವಷ್ಟೆ!

ಇಂತಹ ಸಂದರ್ಭದಲ್ಲಿ ಮೊದಲ ನಿಯಮ, ಗಾಬರಿಯಿಂದ ಯಂತ್ರವನ್ನು ಆರಿಸದಿರುವುದು. ರೂಟ್ ಅಧಿಕಾರವುಳ್ಳ ಕಿಟಕಿಯನ್ನು ಮುಚ್ಚದಿರುವುದು. ಒಮ್ಮೆ ಹೊರಬಿದ್ದರೆ ಒಳಹೋಗುವ ದಾರಿ ತಪ್ಪೀತು. ಆ ಕಿಟಕಿಯಿಂದಲೇ ಸುಡೊಗೆ ೪೭೫೫, ತಾತ್ಕಾಲಿಕ ಕಡತಗಳ ಕೋಶಕ್ಕೆ ೧೭೭೭, ರಹಸ್ಯಕೀಲಿಗಳಿಗೆ ೬೦೦ ಎಂದು ಮುಖ್ಯವಾದುವನ್ನು ಸರಿಪಡಿಸಬೇಕು. ಕಿಟಕಿ ಮುಚ್ಚಿಹೋಗಿದ್ದರೆ ಪೆನ್‌ಡ್ರೈವಿನಲ್ಲಿರುವ ಬೇರೊಂದು ಲಿನಕ್ಸಿನಿಂದ ಯಂತ್ರವನ್ನು ಆರಂಭಿಸಿ, ಒಳಗಿನ ಡಿಸ್ಕನ್ನು ಜೋಡಿಸಿಕೊಂಡು ಈ ಕಾರ್ಯವನ್ನು ನಡೆಸಬೇಕು.

ಎರಡನೆಯದು, ಉಳಿದುವಕ್ಕೆಲ್ಲ ಊಹೆಯಿಂದ ಒಂದೇ ಅಂಕಿಯನ್ನು ಕೊಡದಿರುವುದು. ೭೭೭ ತಪ್ಪೆಂದು ಎಲ್ಲಕ್ಕೂ ೭೫೫ ಕೊಡುವುದು ಅದೇ ತಪ್ಪಿನ ಪುನರುಕ್ತಿ. ಮೂಲಪಾಠವನ್ನು ಹುಡುಕಬೇಕು. ರೆಡ್ ಹ್ಯಾಟ್, ಫೆಡೋರಾ ಬಳಗದ ಲಿನಕ್ಸಿನಲ್ಲಿ, ಸ್ಥಾಪಿತವಾದ ಪ್ರತಿಯೊಂದು ತಂತ್ರಾಂಶದ ಕಡತಗಳ ಒಡೆತನ, ಅನುಮತಿಗಳು ಆರ್‌ಪಿಎಮ್ ಎಂಬ ದಾಖಲೆಯಲ್ಲಿರುತ್ತವೆ. ‘ಸೆಟ್‌ಪರ್ಮ್ಸ್’ ಎಂಬ ಸೂಚನೆಯಿಂದ ಅನುಮತಿಗಳನ್ನು ಮೊದಲಿನಂತಾಗಿಸಬಹುದು. ಒಡೆತನವೂ ಕೆಟ್ಟಿದ್ದರೆ ಅದನ್ನೇ ಮೊದಲು ಸರಿಪಡಿಸತಕ್ಕದ್ದು. ಏಕೆಂದರೆ ಒಡೆಯನು ಬದಲಾದಾಗ ಮುಂದಿನ ವಿಶೇಷಾಂಕಿ ತಾನಾಗಿ ಅಳಿಯುತ್ತದೆ. ಡೆಬಿಯನ್, ಉಬುಂಟು ಬಳಗದಲ್ಲಿ ಅಂತಹ ದಾಖಲೆಯಿಲ್ಲ. ಅಲ್ಲಿ ತಂತ್ರಾಂಶಗಳನ್ನು ಮರುಸ್ಥಾಪಿಸಬೇಕು, ಇಲ್ಲವೆ ತದ್ರೂಪವಾದ ಸುಸ್ಥಿತಿಯ ಯಂತ್ರದಿಂದ ‘ಗೆಟ್‌ಫ್ಯಾಕ್ಲ್’ ಆಜ್ಞೆಯ ಮೂಲಕ ಅನುಮತಿಗಳ ಪಟ್ಟಿಯನ್ನು ತೆಗೆದು, ‘ಸೆಟ್‌ಫ್ಯಾಕ್ಲ್’ ಆಜ್ಞೆಯಿಂದ ಇಲ್ಲಿ ಅಳವಡಿಸಬೇಕು. ಪಾಠ ಕೆಟ್ಟ ಓಲೆಗರಿಯನ್ನು ಪ್ರತ್ಯಂತರದ ಸಹಾಯದಿಂದ ತಿದ್ದುವ ಸಂಪಾದಕನ ಕಾರ್ಯವೂ ಇದೂ ಒಂದೇ.

ಆದರೆ ಬಳಕೆದಾರರು ಸ್ವಂತವಾಗಿ ಬರೆದಿಟ್ಟ ಕಡತಗಳ ಅನುಮತಿಗಳು ಈ ಯಾವ ದಾಖಲೆಯಲ್ಲಿಯೂ ಇರವು. ಅವುಗಳಿಗೆ ಮೊದಲೇ ತೆಗೆದಿಟ್ಟ ಮೀಸಲು ಪ್ರತಿಯೇ ಗತಿ. ಅದನ್ನಾದರೂ ‘ಟಾರ್’ ಕಟ್ಟಿನಲ್ಲಿ ಇಡಬೇಕು. ಫ್ಯಾಟ್ ಪದ್ಧತಿಯ ಪೆನ್‌ಡ್ರೈವಿಗೆ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಬರಹ ಉಳಿದೀತು, ಅನುಮತಿ ಉಳಿಯದು.

ಕೊನೆಯದಾಗಿ ಒಂದು ಎಚ್ಚರಿಕೆ. ಅಂಕಿಗಳು ಮರಳಿದ ಮಾತ್ರಕ್ಕೆ ಎಲ್ಲವೂ ಮರಳಿತೆಂದು ತಿಳಿಯಲಾಗದು. ಬಾಗಿಲು ತೆರೆದಿದ್ದ ವೇಳೆಯಲ್ಲಿ ಯಾರು ಏನನ್ನು ಓದಿದರು, ಏನನ್ನು ತಿದ್ದಿದರು ಎಂಬುದನ್ನು ಯಾವ ಆಜ್ಞೆಯೂ ಖಚಿತವಾಗಿ ಹೇಳಲಾರದು. ಆದುದರಿಂದ ಹಲವರು ಬಳಸುವ ಯಂತ್ರವಾದರೆ ಗುಪ್ತಪದಗಳನ್ನೂ ಕೀಲಿಗಳನ್ನೂ ಹೊಸದಾಗಿಸಬೇಕು. ಸಂಶಯ ಉಳಿದರೆ, ಬರಹಗಳನ್ನು ಜೋಪಾನವಾಗಿ ಹೊರತೆಗೆದು ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಸ್ಥಾಪಿಸುವುದು ಲೇಸು. ಎಲ್ಲರಿಗೂ ಎಲ್ಲವನ್ನೂ ಕೊಡುವುದು ಔದಾರ್ಯದಂತೆ ತೋರಬಹುದು. ಆದರೆ ನೂರಾರು ಮಕ್ಕಳ ಅಂಕ, ವಿಳಾಸಗಳು ನಮ್ಮ ವಶದಲ್ಲಿರುವಾಗ, ಅವರವರಿಗೆ ತಕ್ಕಷ್ಟನ್ನೇ ಕೊಡುವುದು ನಂಬಿಕೆಯನ್ನು ಉಳಿಸಿಕೊಳ್ಳುವ ಕ್ರಮ. ಆಜ್ಞೆಯನ್ನು ಕೊಡುವ ಮುನ್ನ ಬಿಂದುವನ್ನು ಇನ್ನೊಮ್ಮೆ ನೋಡೋಣ.