ಕಿವಿಯಿಂದ ಕಣ್ಣಿಗೆ ಕಟ್ಟುವ ಕಥೆ

1957ರ ಫೆಬ್ರುವರಿ 9. ಇಂಗ್ಲೆಂಡಿನ ಡರ್ಬಿಶೈರ್ ಬೆಟ್ಟದ ಸಾಲಿನಲ್ಲಿ ಗೂಡ್ಸ್ ರೈಲೊಂದು ಏರು ಹತ್ತುತ್ತಿತ್ತು. ಇದ್ದಕ್ಕಿದ್ದಂತೆ ಎಂಜಿನ್ನಿನ ಬ್ರೇಕಿಗೆ ಹಬೆ ಒಯ್ಯುವ ಕೊಳವೆ ಮುರಿದು, ಕುದಿಯುವ ಹಬೆ ಚಾಲಕನಿದ್ದಲ್ಲಿಗೇ ನುಗ್ಗಿತು. ಚಾಲಕ ಜಾನ್ ಆಕ್ಸನ್ ತನ್ನ ಸಹಾಯಕನಿಗೆ ಕೆಳಗೆ ಹಾರಿ ವ್ಯಾಗನ್‌ಗಳ ಬ್ರೇಕ್ ಬಿಗಿಯಲು ಹೇಳಿದ. ತಾನು ಮಾತ್ರ ಇಳಿಯಲಿಲ್ಲ. ಇಳಿಜಾರಿನಲ್ಲಿ ಅಂಕೆ ತಪ್ಪಿ ಓಡಿದ ರೈಲು ಮುಂದಿದ್ದ ಇನ್ನೊಂದು ಗೂಡ್ಸ್‌ಗೆ ಅಪ್ಪಳಿಸಿತು. ಆಕ್ಸನ್ ಮತ್ತು ಮುಂದಿನ ರೈಲಿನ ಗಾರ್ಡ್ ಇಬ್ಬರೂ ಮಡಿದರು. ಆಕ್ಸನ್‌ಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು.

ಈ ಘಟನೆಯನ್ನು ರೇಡಿಯೋಗೆ ತರಲು ಬಿಬಿಸಿಯ ಚಾರ್ಲ್ಸ್ ಪಾರ್ಕರ್ ಮತ್ತು ಗಾಯಕ ಇವಾನ್ ಮೆಕಾಲ್ ಟೇಪ್ ರೆಕಾರ್ಡರ್ ಹಿಡಿದು ಹೊರಟರು. ಆಕ್ಸನ್‌ನ ಹೆಂಡತಿ ಹಾಗೂ ಜೊತೆಗಾರರ ಮಾತುಗಳನ್ನು ಮುದ್ರಿಸಿಕೊಂಡರು. ಜನರ ಮಾತನ್ನು ಬರೆದುಕೊಂಡು, ತಿದ್ದಿ, ನಟರಿಂದ ಓದಿಸುವುದು ಆಗಿನ ರೂಢಿ. ಆದರೆ ಮುದ್ರಿಸಿದ್ದನ್ನು ಕೇಳಿದಾಗ ಅವರಿಗೆ ಹೊಳೆದದ್ದೇ ಬೇರೆ. ರೈಲ್ವೆ ಕೆಲಸಗಾರನ ತಡವರಿಕೆ, ನಗು, ನಡುವೆ ಉಸಿರೆಳೆದುಕೊಳ್ಳುವ ಪರಿ ಯಾವ ನಟನಿಗೂ ದಕ್ಕದು! ನಟರನ್ನು ಕೈಬಿಟ್ಟು, ಆ ದನಿಗಳನ್ನೇ ಹಾಡು ಮತ್ತು ಎಂಜಿನ್ನಿನ ಸದ್ದಿನೊಡನೆ ಹೆಣೆದರು. 1958ರ ಜುಲೈನಲ್ಲಿ ಪ್ರಸಾರವಾದ ಆ ಕಾರ್ಯಕ್ರಮವೇ ‘ದಿ ಬ್ಯಾಲಡ್ ಆಫ್ ಜಾನ್ ಆಕ್ಸನ್’. 1964ರವರೆಗೆ ಇಂಥ ಒಟ್ಟು ಎಂಟು ಕಾರ್ಯಕ್ರಮಗಳು ಬಂದವು.

ಇದರ ಹಿಂದಿನ ದುಡಿಮೆ ಸಣ್ಣದಲ್ಲ. ಟೇಪು ಸೆಕೆಂಡಿಗೆ 19 ಸೆಂ.ಮೀ. ಓಡಿದರೆ, ಒಂದು ಸೆಕೆಂಡಿನ ಮಾತು 19 ಸೆಂ.ಮೀ. ಉದ್ದದ ತುಂಡಾಗುತ್ತದೆ. ಬೇಕಾದ ಮಾತನ್ನು ಹುಡುಕಿ, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಜೋಡಿಸಬೇಕಿತ್ತು. ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಮನುಷ್ಯನ ಕಿವಿಯೇ ಮಾಡಬೇಕು.

ಚಿತ್ರವಿಲ್ಲದಿರುವುದು ಈ ಕಲೆಯ ಕೊರತೆಯಲ್ಲ, ಅದೇ ಬಲ. ಹಳಿಯ ಸದ್ದು ಕೇಳಿದೊಡನೆ ರೈಲನ್ನು ಕೇಳುಗನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ.

ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು. ಮನೆಯ ಮೊಬೈಲೇ ಸಾಕು. ಫ್ಯಾನು, ಟಿ.ವಿ. ಆರಿಸಿ, ಫೋನನ್ನು ಅಜ್ಜಿಯ ಬಾಯಿಂದ ಒಂದು ಗೇಣು ದೂರ ಇಡಿ. ‘ಆಗ ಚೆನ್ನಾಗಿತ್ತಾ ಅಜ್ಜಿ?’ ಎಂದರೆ ‘ಹೂಂ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ನೀರು ಎಲ್ಲಿಂದ ತರ್ತಿದ್ರಿ, ಹೇಗೆ ತರ್ತಿದ್ರಿ?’ ಎಂದು ಕೇಳಿ. ಆಮೇಲೆ ಸುಮ್ಮನಿರಿ. ಅವರು ಮಾತು ನಿಲ್ಲಿಸಿದಾಗಲೂ ತುಸು ಕಾಯಿರಿ. ಮುಖ್ಯವಾದದ್ದು ಎಷ್ಟೋ ಸಲ ಆ ಮೌನದ ಆಚೆ ಇರುತ್ತದೆ. ಬಾವಿಯ ರಾಟೆಯ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಂಡು ಜೋಡಿಸಿ.

ಗೋಡೆಯ ಮೇಲಿನ ಫೋಟೊ ಹಿರಿಯರ ಮುಖವನ್ನು ಉಳಿಸುತ್ತದೆ. ದನಿಯನ್ನು ಉಳಿಸಬೇಕಾದರೆ ಅವರು ಇರುವಾಗಲೇ ಕೇಳಬೇಕು.